ರೊಟ್ಟಿ ಬಡಿಯೋ ಅವ್ವ ಅನ್ನ ಉಣ್ತಿದ್ಲು

ಇದು ನನ್ನ ಹತ್ರ ಕೌನ್ಸೆಲಿಂಗಿಗೆ ಬಂದ ಕೊಪ್ಪಳ ಕಡೆದೊಂದು ಕೇಸು. ಹೆಸರು ಹೇಳಂಗಿಲ್ಲ, ವಯಸ್ಸು ಕೆಲಸ ಒಂದಿಷ್ಟು ಬದಲಿಸೀನಿ, "ಬರೀರಿ ಮೇಡಂ, ನನ್ನಂಥವ್ರು ಭಾಳ ಮಂದಿ ಅದಾರ" ಅಂತ ಅವ್ರೇ ಹೇಳಿದ ಮ್ಯಾಲೆ ಬರಿಯಾಕತ್ತೀನಿ. ಅಕ್ಕಾರು ಅಂತ ಕರೀತೀನಿ.

ವಯಸ್ಸು 44, ನೌಕರಿ ಐತಿ, ಗಂಡ ಅದಾರ, ಪಿಯುಸಿ ಓದೋ ಒಬ್ಬಾಕಿ ಮಗಳು. ಫೆಬ್ರವರಿಯೊಳಗ ಬಂದಾಗ "ನನಗೇನೂ ಆಗಿಲ್ರಿ, ಮನ್ಯಾಗಿನವ್ರು ಕಳಿಸ್ಯಾರ" ಅಂತಾನ ಮಾತು ಶುರು ಮಾಡಿದ್ರು. ಆದ್ರ ಎರಡೂ ಮಣಿಕಟ್ಟು ಊದಿದ್ವು, ಬಳಿ ತೆಗ್ದಿಟ್ಟಿದ್ರು, ಒಂದು ತಾಸು ಮಾತಾಡಿದ್ರೂ ಕುರ್ಚಿಗೆ ಬೆನ್ನು ಹಚ್ಚಲಿಲ್ಲ.

ಅವರವ್ವ ತೀರ್ಕೊಂಡು 6 ತಿಂಗಳಾಗಿತ್ತು. ಸಣ್ಣ ವಯಸ್ಸಿಗೇ ಗಂಡನ್ನ ಕಳಕೊಂಡ ಆ ತಾಯಿ ಖಾನಾವಳಿಗೆ, ಮದುವಿ ಮನಿಗೆ ನೂರರ ಲೆಕ್ಕದಾಗ ರೊಟ್ಟಿ ಬಡಿದು ಮೂರು ಮಕ್ಕಳನ್ನ ಓದಿಸಿದಾಕಿ. ಮುಂಜಾನೆ 4ಕ್ಕ ಎದ್ದು ಜಳಕ, ಇಷ್ಟಲಿಂಗ ಪೂಜಿ, ಹಣಿ ತುಂಬ ವಿಭೂತಿ, ಆಮ್ಯಾಲೇನ ಒಲಿ ಹಚ್ಚಿ ಎಸರು ಇಡೋದು. ಜನವರಿಯೊಳಗ ಗವಿಮಠದ ಜಾತ್ರಿ ಬಂತಂದ್ರ ಓಣಿ ಹೆಣ್ಮಕ್ಕಳನ್ನೆಲ್ಲ ಕೂಡಿಸ್ಕೊಂಡು ದಾಸೋಹಕ್ಕ ರೊಟ್ಟಿ ಮಾಡ್ತಿದ್ರಂತ, ನಿಮಗೂ ಗೊತ್ತೈತಲ್ಲ, ಹಳ್ಳಿ ಹಳ್ಳಿಯಿಂದ ಟ್ರ್ಯಾಕ್ಟರ್ ತುಂಬಿ ಲಕ್ಷಗಟ್ಟಲೆ ರೊಟ್ಟಿ ಬರ್ತಾವು. ತೀರಿಕೊಂಡಿದ್ದು ಶ್ರಾವಣ ಸೋಮವಾರ. ಎಡಗೈಯಾಗ ಲಿಂಗ ಇಟ್ಟು ಮಣ್ಣು ಮಾಡಿ ಬಂದ ಮಂದಿಯೆಲ್ಲ ಒಂದ ಮಾತು: ಎಂಥ ಪುಣ್ಯದ ಸಾವು, ದೇವ್ರಂಥ ಹೆಣ್ಮಗಳು, ಒಂದಿನಾ ದಣಿವು ಅಂದಾಕಿ ಅಲ್ಲ.

ಆ ಕಡೀ ಮಾತು ಅಕ್ಕಾರ ಎದಿಯಾಗ ಕುಂತುಬಿಟ್ಟಿತ್ತು. ಅವ್ವನ ಕೊಣಮಿಗಿ (ರೊಟ್ಟಿ ಹಿಟ್ಟು ನಾದೋ ಕಟ್ಟಿಗಿ ಪರಾತ), ಹಂಚು ತಮ್ಮ ಮನಿಗೆ ತಂದ್ರು, ತಾವೂ 4ಕ್ಕ ಏಳೋದು ಶುರು ಮಾಡಿದ್ರು, ಪೂಜಿ, ಆಫೀಸಿಗೆ ಹೋಗೂಕಿಂತ ಮೊದ್ಲು ಮೂವತ್ತು ರೊಟ್ಟಿ, ಸೋಮವಾರ ಒಪ್ಪತ್ತು, ಆಮ್ಯಾಲೆ ಗುರುವಾರಾನೂ ಒಪ್ಪತ್ತು. ಮೂರು ಮಂದಿ ಮನಿಗೆ ಮೂವತ್ತು ರೊಟ್ಟಿ ಯಾಕ್ರಿ ಅಂದ್ರ ಉತ್ತರಿಲ್ಲ, ಬಾಜು ಮನಿಗೆ ಹಂಚ್ತಿದ್ರು. ಜಾತ್ರಿಗೆ ನಾಕು ರಾತ್ರಿ ಒಬ್ಬಾಕೀನ ಕುಂತು ಇನ್ನೂರು ಬಡಿದು ಐದನೇ ದಿನ ಆಫೀಸ್ನಾಗ ತಲಿ ತಿರುಗಿ ಬಿದ್ರು.

"ಸುಮ್ನ ಕುಂತ್ರ ಏನಾಗ್ತೈತ್ರಿ?" ಅಂತ ಕೇಳಿದೆ. "ಅವ್ವ ನೋಡಾಕತ್ತಾಳ ಅನಿಸ್ತೈತ್ರಿ, ನಾಚಿಕಿ ಬರ್ತೈತಿ."

ಮೊದ್ಲು ಕೇಳಲೇಬೇಕಾದ್ದನ್ನ ನೇರ ಕೇಳಿದೆ, ಅವ್ವನ ಹಿಂದ ಹೋಗ್ಬೇಕು ಅನಿಸ್ತೈತೇನು ಅಂತ. ಇಲ್ಲ, ಮಗಳ ಮದುವಿ ನೋಡ್ಬೇಕು ಅಂದ್ರು. ಆದ್ರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್ ನಂಬರ್ 14416 ಅವರ ಫೋನ್ನಾಗ ಸೇವ್ ಮಾಡಿಸಿದೆ, ರಾತ್ರಿ ಹೊತ್ತು ಕಷ್ಟ ಆದ್ರ ಇರ್ಲಿ ಅಂತ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ ಐಸಿಡಿ-11 ಒಳಗ 6 ತಿಂಗಳು ದಾಟಿಯೂ ದಿನದ ಬಾಳು ನಡಿಯದಂಗ ದುಃಖ ಹಿಡಿದಿದ್ರ ಅದಕ್ಕ ಪ್ರೊಲಾಂಗ್ಡ್ ಗ್ರೀಫ್ ಡಿಸಾರ್ಡರ್ ಅಂತ ಹೆಸರೈತಿ, ಅಮೆರಿಕದ ಮನೋರೋಗಗಳ ಕೈಪಿಡಿ ಡಿಎಸ್‌ಎಂ ದೊಡ್ಡವರಿಗೆ 12 ತಿಂಗಳು ಅಂತದ. ನಾನು ಆ ಚೀಟಿ ಹಚ್ಚಾಕ ಅವಸರ ಮಾಡ್ಲಿಲ್ಲ, ಮೊದ್ಲು ಡಾಕ್ಟರ್ ಹತ್ರ ಕಳಿಸಿದೆ. ಹೆಂಗಸರಿಗೆ ಹಿಮೋಗ್ಲೋಬಿನ್ 12 ಇರ್ಬೇಕು, ಇವರದು 8.6. ಅರ್ಧ ಸುಸ್ತು ರಕ್ತದ್ದು!

ಇಲ್ಲೊಂದು ನನ್ನ ತಪ್ಪೂ ಹೇಳ್ತೀನಿ. ಎರಡನೇ ಸಲ ಬಂದಾಗ ಅವ್ವಗ ಒಂದು ಪತ್ರ ಬರ್ಕೊಂಡು ಬರ್ರಿ ಅಂದಿದ್ದೆ. "ಅವ್ವಗ ಓದಾಕ ಬರ್ತಿದ್ದಿಲ್ರಿ" ಅಂದು ನನ್ ಮುಖ ನೋಡಿದ್ರು. ಕೇಳ್ಕೊಂಡು ಹೇಳ್ಬೇಕಿತ್ತು.

ಮೂರನೇ ಸಲ ಮಗಳನ್ನ ಕರ್ಕೊಂಡು ಬರ್ರಿ ಅಂದೆ. ಆ ಹುಡುಗಿ ಅಜ್ಜಿ ಜೋಡಿ ಒಂದ ಕೋಣ್ಯಾಗ ಮಲಗಿ ಬೆಳೆದಾಕಿ (ನಮ್ ಕಡೆ ಅಜ್ಜಿಗೆ ಅಮ್ಮ ಅಂತಾರ). ಅಮ್ಮ ಹೆಂಗಿದ್ಲವಾ ಅಂದ್ರ ನಗಾಕತ್ಲು. "ಅಮ್ಮಗ ರೊಟ್ಟಿ ಅಂದ್ರ ಸಾಕಾಗಿತ್ರಿ. ತಾನು ಅನ್ನ ಮೊಸರು ಉಣ್ತಿದ್ಲು. ಮೂರಕ್ಕ ಚಾ ಹಿಡ್ಕೊಂಡು ಕಟ್ಟಿ ಮ್ಯಾಲೆ ಕುಂತ್ರ ಎಲಿಅಡಿಕಿ ಮುಗಿಯೋತನ ಯಾರೂ ಮಾತಾಡಿಸಂಗಿಲ್ಲ, ಮಾತಾಡಿಸಿದ್ರ ಬೈತಿದ್ಲು." ಅಕ್ಕಾರಿಗೆ ಇದು ಗೊತ್ತಿರಲಿಲ್ಲ, ಮೂರಕ್ಕ ಅವ್ರು ಎಂದೂ ಮನ್ಯಾಗ ಇದ್ದಾಕಿ ಅಲ್ಲ, ಮೊದ್ಲು ಸಾಲಿ, ಆಮ್ಯಾಲೆ ನೌಕರಿ. ಹುಡುಗಿ ಇನ್ನೊಂದು ಹೇಳಿದ್ಲು. ಜಾತ್ರಿಗೆ ಹೋದಾಗ ಅಮ್ಮ ಬಡಸಾಕ ನಿಂದರ್ತಿದ್ದಿಲ್ಲಂತ, ಸೀದಾ ಪಂಕ್ತಿಯಾಗ ಕುಂದರ್ತಿದ್ಲಂತ. "ವರ್ಷಾನಗಟ್ಲೆ ಮಂದಿಗೆ ಹಾಕೀನಿ, ಇವತ್ತು ನನಗ ಅಜ್ಜಾರು (ಮಠದ ಸ್ವಾಮಿಗಳು) ಹಾಕಸ್ತಾರ" ಅಂತ ಎರಡೆರಡು ಸಲ ಮಾದಲಿ ಹಾಕಿಸ್ಕೊಂಡು ಉಣ್ತಿದ್ಲಂತ.

ಅಕ್ಕಾರು ಅವತ್ತೇ ಮೊದಲನೇ ಸಲ ಅತ್ತಿದ್ದು, ಆರು ತಿಂಗಳಾದ ಮ್ಯಾಲೆ. ಅತ್ತು ಅತ್ತು ಕುರ್ಚಿಗೆ ಒರಗಿದ್ರು.

ನಾನು ಹೇಳಿದ್ದಿಷ್ಟು. ನೀವು ಹೊತ್ತಿರೋದು ಮಣ್ಣಿಗೆ ಬಂದ ಮಂದಿ ಕಟ್ಟಿದ ಅವ್ವನ್ನ, ಆಕಿಗೆ ದಣಿವಿಲ್ಲ, ಕಟ್ಟಿ ಇಲ್ಲ, ಚಾ ಇಲ್ಲ, ಆಕಿ ಹಂಗ ಬದುಕಾಕ ನಿಮ್ಮ ಅವ್ವನ ಕೈಲೂ ಆಗ್ಲಿಲ್ಲ. ಅಣ್ಣ ತಮ್ಮ ವರ್ಷದ ಪುಣ್ಯಸ್ಮರಣೆಗೆ "ಕಾಯಕವೇ ಕೈಲಾಸ" ಅಂತ ಬ್ಯಾನರ್ ಮಾಡಸಾಕತ್ತಾರಂತ, ಮಾಡಸ್ಲಿ. ಆದ್ರ ಆ ಮಾತು ಹೇಳಿದ ಆಯ್ದಕ್ಕಿ ಮಾರಯ್ಯ ನಮ್ಮ ಬಾಜು ಲಿಂಗಸುಗೂರು ಸೀಮಿಯವನು, ಅಮರೇಶ್ವರದ ಶರಣ, ಅವನು ಒಂದಿನ ದಿನಕ್ಕಿಂತ ಜಾಸ್ತಿ ಅಕ್ಕಿ ಆಯ್ಕೊಂಡು ಬಂದಾಗ ಹೆಂಡ್ತಿ ಲಕ್ಕಮ್ಮ ಏನು ಮಾಡಿದ್ಲು? ಇಷ್ಟ್ಯಾಕ ತಂದಿ, ವಾಪಸ್ ಸುರುವಿ ಬಾ ಅಂತ ಕಳಿಸಿದ್ಲು. ನಿಮ್ಮ ಮೂವತ್ತರಾಗ ಇಪ್ಪತ್ತು ರೊಟ್ಟಿ ಸುರುವೂ ಅಕ್ಕೀನರಿ ಅಂದೆ. ಇದಕ್ಕ ನಕ್ರು.

ಏಳೋದು ಐದೂವರಿಗೆ. ರೊಟ್ಟಿ ಭಾನುವಾರ ಮಾತ್ರ, ಉಳಿದ ದಿನ ಕೊಂಡು ತರೋದು, ತರೋ ಕೆಲಸ ಗಂಡಂದು. ಪೂಜಿ ಬಿಡಬ್ಯಾಡ್ರಿ, ಅದು ನಿಮ್ಮದೂ ಹೌದು, ಒಪ್ಪತ್ತು ಮಾತ್ರ ರಕ್ತ ಏರೋತನ ಬಂದ್. ದಿನಾ ಮೂರಕ್ಕ ಚಾ ಹಿಡ್ಕೊಂಡು ಇಪ್ಪತ್ತು ನಿಮಿಷ ಕುಂದರೋದು, ಅವ್ವನ ನೆನಪಿಗೇ. ಚಾ ಜೋಡಿ ಕಬ್ಬಿಣದ ಗುಳಿಗಿ ತಗೋಬಾರ್ದು, ಮೈಗೆ ಹತ್ತಂಗಿಲ್ಲ, ಅದು ರಾತ್ರಿಗಿರ್ಲಿ. ಇನ್ನೊಂದು, ಅವ್ವನ ಜೋಡಿ ರೊಟ್ಟಿ ಬಡಿದ ಓಣಿ ಹೆಣ್ಮಕ್ಕಳ ಹತ್ರ ಮಗಳನ್ನ ಕರ್ಕೊಂಡು ಹೋಗಿ ಫೋನ್ನಾಗ ಅವರ ಮಾತು ರೆಕಾರ್ಡ್ ಮಾಡ್ರಿ, ಒಳ್ಳೇದಷ್ಟ ಹೇಳ್ರಿ ಅನಬ್ಯಾಡ್ರಿ.

ಜೂನ್‌ನಾಗ ಕಡೀ ಸಲ ಬಂದ್ರು. 4ಕ್ಕ ಎಚ್ಚರ ಈಗ್ಲೂ ಆಗ್ತೈತಂತ, ಆದ್ರ ಏಳಂಗಿಲ್ಲ, ಹಂಗ ಬಿದ್ಕೊಂಡಿರ್ತಾರಂತ. ಬ್ಯಾನರಿನ ಜಗಳ ಮುಗಿದಿಲ್ಲ, ಅಕ್ಕಾರಿಗೆ ಅದ್ರಾಗ ಅವ್ವ ಕಟ್ಟಿ ಮ್ಯಾಲೆ ಕುಂತ ಫೋಟೋನ ಬೇಕಂತ, ಅಣ್ಣ ಪೂಜಿ ಫೋಟೋ ಅಂತಾನಂತ. ಕೊಣಮಿಗಿ ಮಗಳ ಕೋಣಿಗೆ ಹೋಗೇತಿ, ಅದ್ರಾಗ ಆಕಿ ಪುಸ್ತಕ ಇಟ್ಟಾಳಂತ.