ಪೇಪರ್, ಚಾನೆಲ್‌ಗಳ ಮಾಲೀಕರು ಕಡಿಮೆಯಾದರೆ ಗದಗ, ಹುಬ್ಬಳ್ಳಿಯವರಿಗೆ ಏನು ನಷ್ಟ?

ನೀವು ಕೇಳಿದ್ದು ಇಷ್ಟು: ಪೇಪರ್, ಟಿವಿ ಎಲ್ಲ ಕೆಲವೇ ಕಂಪನಿಗಳ ಕೈಗೆ ಹೋಗುತ್ತಿವೆ ಅಂತಾರೆ. ನಾನು ಗದಗದವನು. ನನ್ನ ಊರಿನ ಸುದ್ದಿ ದಿನಾ ಬರುತ್ತಲೇ ಇದೆ, ಮೊಬೈಲಲ್ಲೂ ಸಿಗುತ್ತದೆ. ಮಾಲೀಕ ಯಾರಾದರೆ ನಮಗೇನು?

ನಾನು ಹುಬ್ಬಳ್ಳಿಯಲ್ಲಿ ಪತ್ರಿಕೆಯೊಂದರ ಡೆಸ್ಕಿನಲ್ಲಿ ಕೂತು ಜಿಲ್ಲಾ ಪುಟ ಕಟ್ಟಿದವನು. ನಿಮ್ಮ ಮಾತಿನಲ್ಲಿ ಅರ್ಧ ನಿಜ ಇದೆ. ಗದಗದ ಸುದ್ದಿ ಈಗ ಬರುವಷ್ಟು ಹಿಂದೆ ಯಾವತ್ತೂ ಬರುತ್ತಿರಲಿಲ್ಲ. ಆದರೆ ಆ ಸುದ್ದಿ ಗದಗದವರಿಗೆ ಮಾತ್ರ ಬರುತ್ತದೆ. ನಷ್ಟ ಇರುವುದು ಅಲ್ಲೇ.

ಕೆಲಸ ನಡೆಯುವುದು ಹೀಗೆ. ದೊಡ್ಡ ಪತ್ರಿಕೆಗೆ ಹುಬ್ಬಳ್ಳಿಯಲ್ಲೊಂದು ಮುದ್ರಣ ಕೇಂದ್ರ. ಅಲ್ಲಿಂದ ಧಾರವಾಡ, ಗದಗ, ಹಾವೇರಿಗೆ ಬೇರೆ ಬೇರೆ ಪುಟ. ರೋಣದ ವರದಿಗಾರ ಕಳಿಸಿದ್ದು ಗದಗ ಪುಟಕ್ಕೆ, ಹಾನಗಲ್ಲಿನದು ಹಾವೇರಿ ಪುಟಕ್ಕೆ. ಮುಖಪುಟ, ರಾಜ್ಯದ ಪುಟ, ಸಂಪಾದಕೀಯ ಬೆಂಗಳೂರಿನಿಂದ ಸಿದ್ಧವಾಗಿ ಬರುತ್ತವೆ. ರಾತ್ರಿ ಶಿರಹಟ್ಟಿಯಿಂದ ಒಂದು ಒಳ್ಳೆಯ ವರದಿ ಬಂತು ಅನ್ನಿ. ಗದಗ ಪುಟದ ತಲೆಗೆ ಹಾಕುತ್ತಿದ್ದೆವು. ಅದಕ್ಕಿಂತ ಮೇಲೆ ಒಯ್ಯುವ ಅಧಿಕಾರ ನಮಗಿರಲಿಲ್ಲ. ಸುಮಾರು 60 ಕಿ.ಮೀ. ದೂರದ ಹುಬ್ಬಳ್ಳಿಯವರಿಗೂ ಅದು ಕಾಣುತ್ತಿರಲಿಲ್ಲ.

ಈ ಏರ್ಪಾಟು ಓದುಗರ ಮೇಲಿನ ಪ್ರೀತಿಯಿಂದಷ್ಟೇ ಬಂದದ್ದಲ್ಲ. ಇಡೀ ರಾಜ್ಯಕ್ಕೆ ಜಾಹೀರಾತು ಕೊಡಲು ಊರಿನ ಬಂಗಾರದಂಗಡಿ, ಕೋಚಿಂಗ್ ಕ್ಲಾಸ್, ಖಾಸಗಿ ಆಸ್ಪತ್ರೆಗಳಿಗೆ ಆಗುವುದಿಲ್ಲ. ಒಂದು ಜಿಲ್ಲೆಗಾದರೆ ಆಗುತ್ತದೆ. ಹಾಗಾಗಿ ಜಿಲ್ಲೆಗೊಂದು ಪುಟ. ಸಂಬಳವಿಲ್ಲದ ಬಿಡಿ ಸುದ್ದಿಗಾರನಿಗೆ ಸುದ್ದಿಯ ಜೊತೆ ಜಾಹೀರಾತಿನ ಟಾರ್ಗೆಟ್ಟೂ ಇರುತ್ತದೆ. ತಾನು ಕಮಿಷನ್ ಪಡೆಯುವ ಆಸ್ಪತ್ರೆಯ ಬಗ್ಗೆ ಅವನು ಏನು ಬರೆದಾನು? ಒಂದು ಆಸ್ಪತ್ರೆಯ ವಿರುದ್ಧ ಪಕ್ಕಾ ದಾಖಲೆಯಿದ್ದ ಸುದ್ದಿಯನ್ನು ಜಾಹೀರಾತು ವಿಭಾಗದವರ ಒಂದು ಫೋನ್ ಬಂದ ಮೇಲೆ ಪುಟದಿಂದ ತೆಗೆಸಿದ್ದನ್ನು ನಾನು ಕೂತ ಜಾಗದಲ್ಲೇ ನೋಡಿದ್ದೇನೆ. ಆ ಸಿಟ್ಟು ಇನ್ನೂ ಹೋಗಿಲ್ಲ. ಹತ್ತು ಪತ್ರಿಕೆ, ಹತ್ತು ಮಾಲೀಕರು ಇದ್ದಿದ್ದರೆ ಇನ್ನೊಬ್ಬರಾದರೂ ಅದನ್ನು ಹಾಕುತ್ತಿದ್ದರು. ಮೂರ್ನಾಲ್ಕೇ ಇದ್ದು, ಎಲ್ಲರಿಗೂ ಅದೇ ಜಾಹೀರಾತುದಾರ ಬೇಕಾದಾಗ ಆ ದಾರಿಯೂ ಇಲ್ಲ.

ಮಹದಾಯಿ ಹೋರಾಟವನ್ನೇ ನೋಡಿ. 2015ರ ಜುಲೈನಲ್ಲಿ ನರಗುಂದದಲ್ಲಿ ರೈತರು ಧರಣಿ ಕೂತರು. ಗೋವಾ ಕಡೆ ಹರಿಯುವ ಮಹದಾಯಿ ನದಿಯ ನೀರನ್ನು ಮಲಪ್ರಭೆಗೆ ತರುವ ಮಾತು ಅದು. ಹುಬ್ಬಳ್ಳಿ-ಧಾರವಾಡ ಕುಡಿಯುವುದು ಅದೇ ಮಲಪ್ರಭೆ ನೀರನ್ನು. ಆದರೂ ದಿನದಿನದ ಧರಣಿಯ ಸುದ್ದಿ ಹೆಚ್ಚಾಗಿ ಜಿಲ್ಲಾ ಪುಟದಲ್ಲೇ ಹುಟ್ಟಿ ಅಲ್ಲೇ ಮುಗಿಯುತ್ತಿತ್ತು. ಒಂದು ವರ್ಷ ಹೀಗೇ ಹೋಯಿತು. 2016ರ ಜುಲೈ 27ಕ್ಕೆ ಮಹದಾಯಿ ನೀರು ಹಂಚಿಕೆಯ ನ್ಯಾಯಮಂಡಳಿ ನೀರು ಕೇಳಿದ್ದ ರಾಜ್ಯದ ಮಧ್ಯಂತರ ಅರ್ಜಿಯನ್ನು ತಳ್ಳಿಹಾಕಿತು. ಊರುಗಳು ಹೊತ್ತಿಕೊಂಡವು, ನವಲಗುಂದ ತಾಲೂಕಿನ ಯಮನೂರಿನಲ್ಲಿ ಪೊಲೀಸರು ಮನೆ ಹೊಕ್ಕು ಹೊಡೆದರು. ಆಗ ಎಲ್ಲ ಚಾನೆಲ್‌ಗಳ ಗಾಡಿಗಳೂ ಬಂದವು. ರೈತರು ವರ್ಷವಿಡೀ ಹೇಳಿದ್ದು ರಾಜ್ಯಕ್ಕೆ ಅಷ್ಟಾಗಿ ಕೇಳಲಿಲ್ಲ, ಏಟು ತಿಂದಾಗ ಚೆನ್ನಾಗಿ ಕೇಳಿತು. 2018ರ ತೀರ್ಪಿನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಸಿಕ್ಕಿತು, ಮಲಪ್ರಭೆಗೆ ನೀರು ತಿರುಗಿಸುವ ಕಳಸಾ-ಬಂಡೂರಿ ಯೋಜನೆಗೆ ಅದರಲ್ಲಿ 3.9 ಅಷ್ಟೇ. ಈ ಲೆಕ್ಕ ಹುಬ್ಬಳ್ಳಿಯಲ್ಲೇ ಎಷ್ಟು ಜನರಿಗೆ ಗೊತ್ತು, ಕೇಳಿ ನೋಡಿ. ಈದ್ಗಾ ಮೈದಾನದ ಗಲಾಟೆ ಮಾತ್ರ ಎಲ್ಲರಿಗೂ ಗೊತ್ತು. ಟಿವಿಯವರಿಗೆ ನಮ್ಮ ಊರು ನೆನಪಾಗುವುದೇ ಅಂಥ ಹೊತ್ತಿನಲ್ಲಿ.

ಹಾಗಾದರೆ ಮಾಲೀಕ ನಮ್ಮ ಊರಿನವನೇ ಆದರೆ ಸರಿಹೋಗುತ್ತದಾ? ಅಷ್ಟು ಸುಲಭ ಅಲ್ಲ. ಈ ಭಾಗದಲ್ಲಿ ಪತ್ರಿಕೆಯ ಬೇರು ಆಳವಾಗಿದೆ. ಕರ್ಮವೀರ 1921ರಲ್ಲಿ ಧಾರವಾಡದಲ್ಲಿ ಶುರುವಾಯಿತು. ಸ್ವಾತಂತ್ರ್ಯಕ್ಕೂ ಮೊದಲಿನ ಸಂಯುಕ್ತ ಕರ್ನಾಟಕ ಹುಬ್ಬಳ್ಳಿಯ ಒಂದು ಟ್ರಸ್ಟಿನದು. ಪಾಟೀಲ ಪುಟ್ಟಪ್ಪನವರು 1954ರಲ್ಲಿ ಇಲ್ಲಿಂದಲೇ ಪ್ರಪಂಚ ವಾರಪತ್ರಿಕೆ ತಂದರು. ಇವು ಹಣದ ಬಲದಿಂದ ಬಂದವಲ್ಲ, ಏನೋ ಹೇಳಬೇಕು ಅನ್ನುವ ಹಟದಿಂದ ಬಂದವು.

1999ರಲ್ಲಿ ಲಾರಿ ಸಾಗಣೆ ಕಂಪನಿಯ ವಿಜಯ ಸಂಕೇಶ್ವರ ವಿಜಯ ಕರ್ನಾಟಕ ಶುರು ಮಾಡಿದರು. ಆಗ ಅವರು ಧಾರವಾಡ ಉತ್ತರದ ಸಂಸದರೂ ಹೌದು. ಕೆಲವೇ ವರ್ಷಗಳಲ್ಲಿ ಅದು ಬೆಂಗಳೂರಿನ ಹಳೆಯ ಪತ್ರಿಕೆಗಳನ್ನು ಹಿಂದೆ ಹಾಕಿತು. ಹಳ್ಳಿಹಳ್ಳಿಗೆ ಬೆಳಿಗ್ಗೆಯೇ ಪೇಪರ್ ಮುಟ್ಟಿಸಿದ್ದಕ್ಕೆ ಅವರಿಗೆ ಶ್ರೇಯ ಸಲ್ಲಬೇಕು. 2006ರಲ್ಲಿ ಅದನ್ನು ಟೈಮ್ಸ್ ಗುಂಪಿಗೆ ಮಾರಿದರು. 2012ರಲ್ಲಿ ವಿಜಯವಾಣಿ ತಂದರು, 2017ರಲ್ಲಿ ದಿಗ್ವಿಜಯ ಚಾನೆಲ್. ಅಂದರೆ ಲಕ್ಷಾಂತರ ಓದುಗರು ಒಂದು ವ್ಯವಹಾರದಲ್ಲಿ ಕೈ ಬದಲಾದರು, ಅವರನ್ನು ಯಾರೂ ಕೇಳಲಿಲ್ಲ. ಮಾಲೀಕ ಹುಬ್ಬಳ್ಳಿಯಲ್ಲಿರಲಿ, ಮುಂಬೈಯಲ್ಲಿರಲಿ, ಪತ್ರಿಕೆಯ ಜೊತೆ ಲಾರಿಯೋ ಗಣಿಯೋ ಪಕ್ಷವೋ ಇದ್ದರೆ ಬರೆಯುವವನ ಕೈ ತಾನಾಗಿಯೇ ಹಿಡಿಯುತ್ತದೆ. ಯಾರೂ ಆದೇಶ ಕೊಡುವ ಅಗತ್ಯವೇ ಬೀಳುವುದಿಲ್ಲ.

ಮನರಂಜನೆಯದು ಇನ್ನೂ ಬಿಗಿ. ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ ಪರಸ್ಪರ ಪೈಪೋಟಿಯಲ್ಲಿದ್ದ ಚಾನೆಲ್‌ಗಳು. 2024ರ ನವೆಂಬರ್‌ನಲ್ಲಿ ರಿಲಯನ್ಸ್ ಮತ್ತು ಡಿಸ್ನಿ ವ್ಯವಹಾರ ಒಂದಾದ ಮೇಲೆ ಎರಡೂ ಜಿಯೋಸ್ಟಾರ್ ಅನ್ನುವ ಒಂದೇ ಕಂಪನಿಯವು. ಉಳಿದದ್ದು ಮುಂಬೈಯ ಜೀ, ಚೆನ್ನೈಯ ಸನ್ ಗುಂಪಿನ ಉದಯ. ಕನ್ನಡದ ನಾಲ್ಕು ದೊಡ್ಡ ಮನರಂಜನಾ ಚಾನೆಲ್‌ಗಳಲ್ಲಿ ಒಂದರ ಮಾಲೀಕತ್ವವೂ ಕರ್ನಾಟಕದಲ್ಲಿಲ್ಲ! ಧಾರಾವಾಹಿಗಳಲ್ಲಿ ಮನೆಮಂದಿ ಬೆಂಗಳೂರು-ಮೈಸೂರು ಕನ್ನಡ ಆಡುತ್ತಾರೆ, ನಮ್ಮ ಮಾತು ಬರುವುದು ಹೆಚ್ಚಾಗಿ ನಗಿಸುವವರ ಬಾಯಲ್ಲಿ. ಹಾವೇರಿ ಜಿಲ್ಲೆಯ ಕುರಿಗಾಹಿ ಹುಡುಗ ಹನುಮಂತ ಹಾಡಿನ ಸ್ಪರ್ಧೆಯಿಂದ ಮೇಲೆ ಬಂದು 2025ರ ಜನವರಿಯಲ್ಲಿ ಬಿಗ್ ಬಾಸ್ ಗೆದ್ದಾಗ ನಾನೂ ಖುಷಿಪಟ್ಟೆ. ಆದರೆ ಅವನಂಥ ಹಾಡುಗಾರರು ತಾಂಡಾ ತಾಂಡಾಗಳಲ್ಲಿದ್ದಾರೆ, ಅವರ ಹಾಡನ್ನು ಅವರ ಧಾಟಿಯಲ್ಲೇ ಕೇಳಿಸುವ ಜಾಗ ಬೇಕಲ್ವಾ? ಧಾರವಾಡ ಆಕಾಶವಾಣಿ 1950ರಿಂದ ಅಂಥ ಜಾಗವಾಗಿತ್ತು. ಮಲ್ಲಿಕಾರ್ಜುನ ಮನಸೂರರು ಅಲ್ಲಿ ಸಂಗೀತ ಸಲಹೆಗಾರರಾಗಿದ್ದರು. ಟಿಆರ್‌ಪಿಯ ಗೊಡವೆ ಇಲ್ಲದ್ದಕ್ಕೇ ಅದು ಸಾಧ್ಯವಾಯಿತು.

ಮೊಬೈಲಿನ ಮಾತು: ವಾಟ್ಸಾಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮೂರೂ ಒಂದೇ ಕಂಪನಿಯವು, ಯೂಟ್ಯೂಬ್ ಗೂಗಲ್‌ದು. ನಮ್ಮೂರಿನ ಯೂಟ್ಯೂಬ್ ಸುದ್ದಿಗಾರರಲ್ಲಿ ಧೈರ್ಯಸ್ಥರು ಇದ್ದಾರೆ. ಆದರೆ ಪಾಲಿಕೆ ಬಜೆಟ್‌ಗಿಂತ ಬೀದಿ ಜಗಳಕ್ಕೆ ವ್ಯೂಸ್ ಜಾಸ್ತಿ, ದುಡ್ಡೂ ಜಾಸ್ತಿ.

ಕಾನೂನು ಏನು ಮಾಡುತ್ತಿದೆ ಅಂತ ಕೇಳಬಹುದು. ದೊಡ್ಡ ಪತ್ರಿಕೆಗಳು ಸಣ್ಣವನ್ನು ನುಂಗಬಾರದು ಎಂದು, ಇಷ್ಟು ಪುಟಕ್ಕೆ ಇಷ್ಟು ಬೆಲೆ ಎಂದು ಗೊತ್ತುಮಾಡುವ ಕಾಯ್ದೆ 1956ರಲ್ಲಿ ಬಂದಿತ್ತು. ಪುಣೆಯ ಸಕಾಳ್ ಪತ್ರಿಕೆ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1961ರಲ್ಲಿ ಅದನ್ನು ರದ್ದು ಮಾಡಿತು. ಮಾತಿನ ಸ್ವಾತಂತ್ರ್ಯಕ್ಕೆ ಅಡ್ಡಿ ಎಂಬುದು ಕಾರಣ. ಆ ತೀರ್ಪು ನನಗೆ ಒಪ್ಪಿಗೆ, ಪತ್ರಿಕೆಗೆ ಎಷ್ಟು ಪುಟ ಇರಬೇಕು ಅಂತ ಸರ್ಕಾರ ಹೇಳಬಾರದು. ಆದರೆ ಒಬ್ಬರ ಕೈಯಲ್ಲಿ ಎಷ್ಟು ಪತ್ರಿಕೆ, ಎಷ್ಟು ಚಾನೆಲ್ ಇರಬಹುದು ಅನ್ನುವುದು ಬೇರೆ ಮಾತು. 2014ರಲ್ಲಿ ಕೇಂದ್ರದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಅದರ ಬಗ್ಗೆಯೇ ಶಿಫಾರಸು ಕೊಟ್ಟಿತು: ಒಂದೇ ಭಾಷೆಯ ಮಾರುಕಟ್ಟೆಯಲ್ಲಿ ಪತ್ರಿಕೆ ಮತ್ತು ಟಿವಿ ಎರಡರಲ್ಲೂ ಒಬ್ಬರ ಹಿಡಿತ ಮಿತಿಮೀರಬಾರದು, ರಾಜಕೀಯ ಪಕ್ಷಗಳು ಚಾನೆಲ್ ನಡೆಸಬಾರದು. ಅದು ಕಾನೂನಾಗಲಿಲ್ಲ. ಮುಂದಿನ ಸಲ ಸಂಸದರು ಗದಗಕ್ಕೆ ಬಂದಾಗ ನೀರು, ರೈಲಿನ ಜೊತೆ ಇದನ್ನೂ ಕೇಳಿ. ಮರುದಿನ ಆ ಪ್ರಶ್ನೆ ಯಾವ ಪೇಪರಿನಲ್ಲಿ ಬಂತು, ಯಾವ ಪುಟದಲ್ಲಿ ಬಂತು ಅಂತ ಹುಬ್ಬಳ್ಳಿಯಲ್ಲಿರುವ ಗೆಳೆಯರಿಗೂ ಫೋನ್ ಮಾಡಿ ವಿಚಾರಿಸಿ.