ಮಗಳಿಗೆ ಫುಟ್‌ಬಾಲ್ ಬೂಟು (ಸ್ಟಡ್ಸ್) ಒಂದು ಸೈಜ್ ದೊಡ್ಡದೇ ತರಬೇಕಾ?

"ಹಾಸನದಲ್ಲಿದ್ದೇವೆ. ಮಗಳಿಗೆ ಹನ್ನೆರಡು ವರ್ಷ, ಶಾಲೆಯ ಫುಟ್‌ಬಾಲ್ ಟೀಮಿಗೆ ಸೇರಿದ್ದಾಳೆ. ಬೆಳೆಯುವ ಕಾಲು, ಒಂದು ಸೈಜ್ ದೊಡ್ಡ ಸ್ಟಡ್ಸ್ ತಂದರೆ ಎರಡು ವರ್ಷ ಬರುತ್ತಲ್ವಾ? ಅಂಗಡೀಲಿ ಇರೋದೆಲ್ಲ ಹುಡುಗರದ್ದೇ, ಅದು ಆಗುತ್ತಾ?" ಅಂತ ಕೇಳಿದ್ದೀರಿ.

ದೊಡ್ಡದು ಖಂಡಿತ ಬೇಡ ಸರ್. ಹುಡುಗರದ್ದು ಆಗಬಹುದು, ಆದರೆ ಹಿಮ್ಮಡಿ ನೋಡಿ ತಗೊಳ್ಳಿ.

ನಾನು ಚಿಕ್ಕಮಗಳೂರಿನವಳು. ಹೈಸ್ಕೂಲಲ್ಲಿ ಅಣ್ಣನ ಹಳೇ ಸ್ಟಡ್ಸ್‌ಗೆ ಮುಂದೆ ಹತ್ತಿ ತುರುಕಿ ಆಡ್ತಿದ್ದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಎರಡೂ ಹೆಬ್ಬೆರಳಿನ ಉಗುರು ಕಪ್ಪಾಗಿ ಎದ್ದು ಬಂದವು. ಬೂಟು ಬಿಗಿಯಾಗಿದೆ ಅಂತಲೇ ಮನೆಯವರೆಲ್ಲ ಅಂದುಕೊಂಡಿದ್ದರು. ನಿಜಕ್ಕೂ ಅದು ಸಡಿಲ ಇತ್ತು. ಓಡ್ತಾ ಓಡ್ತಾ ತಟಕ್ಕನೆ ನಿಂತಾಗ ಪಾದ ಒಳಗೇ ಜಾರಿ ಬೆರಳು ಹೋಗಿ ಮುಂದಕ್ಕೆ ಗುದ್ದುತ್ತಿತ್ತು. ಈಗ ವಾರಕ್ಕೆರಡು ದಿನ ಹೆಣ್ಣುಮಕ್ಕಳಿಗೆ ಆಟ ಹೇಳಿಕೊಡ್ತೀನಿ. ಯಾರಾದರೂ ಉಗುರು ನೋವು ಅಂದರೆ ಮೊದಲು ಅವರ ಬೂಟಿನ ಹಿಂಭಾಗಕ್ಕೆ ಕೈ ಹಾಕಿ ನೋಡ್ತೀನಿ.

ಸೈಜಿನ ಲೆಕ್ಕ ನೋಡಿ. ಯುಕೆ ಅಳತೆಯಲ್ಲಿ ಒಂದು ಸೈಜ್ ಅಂದರೆ ಸುಮಾರು 8.5 ಮಿ.ಮೀ. ಸರಿಯಾಗಿ ಕೂರುವ ಬೂಟಿನಲ್ಲೇ ಉದ್ದದ ಬೆರಳಿನ ಮುಂದೆ 5ರಿಂದ 10 ಮಿ.ಮೀ. ಜಾಗ ಇರಬೇಕು. ಅದರ ಮೇಲೆ ಇನ್ನೊಂದು ಸೈಜ್ ಏರಿಸಿದರೆ ಖಾಲಿ ಜಾಗ ಒಂದೂವರೆ ಸೆಂ.ಮೀ. ಹತ್ತಿರ ಹೋಗುತ್ತೆ. ಆಗ ಬೂಟು ಮಡಚುವ ಜಾಗವೇ ಬೇರೆ, ಅವಳ ಬೆರಳಿನ ಬುಡ ಮಡಚುವ ಜಾಗವೇ ಬೇರೆ. ಬೆಳೆಯುವುದಕ್ಕೆ ಬಿಡಬೇಕಾದ ಜಾಗ ಆ 10 ಮಿ.ಮೀ. ಒಳಗೇ ಮುಗಿಯಬೇಕು.

ಅಳತೆ ಮನೆಯಲ್ಲೇ ತಗೊಳ್ಳಿ, ಸಂಜೆ ಆಟ ಮುಗಿಸಿ ಬಂದಮೇಲೆ. ಆ ಹೊತ್ತಿಗೆ ಪಾದ ಸ್ವಲ್ಪ ಊದಿರುತ್ತೆ. ಗೋಡೆಗೆ ಒತ್ತಿ ಒಂದು ಪೇಪರ್ ಹಾಸಿ, ಹಿಮ್ಮಡಿ ಗೋಡೆಗೆ ತಾಗುವ ಹಾಗೆ, ಎರಡೂ ಕಾಲಿನ ಮೇಲೆ ಭಾರ ಬಿಟ್ಟು ನಿಲ್ಲಿಸಿ. ಪೆನ್ಸಿಲ್ ನೆಟ್ಟಗೆ ಹಿಡಿದು ಗೆರೆ ಎಳೆಯಿರಿ. ಎರಡೂ ಪಾದ ಅಳೆಯಿರಿ, ಒಂದು ಸ್ವಲ್ಪ ಉದ್ದ ಇರೋದು ಸಾಮಾನ್ಯ. ಉದ್ದ ಇರುವ ಪಾದಕ್ಕೇ ಬೂಟು. ಆ ಪೇಪರನ್ನೂ, ಅವಳು ಆಡುವಾಗ ಹಾಕುವ ದಪ್ಪ ಕಾಲುಚೀಲವನ್ನೂ ಅಂಗಡಿಗೆ ತಗೊಂಡು ಹೋಗಿ. ಬೂಟಿನ ಒಳಗಿನ ಅಟ್ಟೆ ಹೊರಗೆ ಬರುವಂಥದ್ದಾದರೆ ತೆಗೆದು ನೆಲಕ್ಕಿಟ್ಟು ಅದರ ಮೇಲೆ ಅವಳನ್ನು ನಿಲ್ಲಿಸಿ. ಕಿರುಬೆರಳು ಅಂಚು ದಾಟಿ ಹೊರಗೆ ಚಾಚಿದರೆ ಆ ಬೂಟು ಅಗಲ ಸಾಲದು, ವಾಪಸ್ ಇಡಿ. "ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ" ಅನ್ನೋ ಮಾತಿಗೆ ಕಿವಿ ಕೊಡಬೇಡಿ. ಈಗ ಬರುವ ಸಿಂಥೆಟಿಕ್ ಬೂಟು ಚರ್ಮದ ಹಾಗೆ ಹಿಗ್ಗಲ್ಲ.

ಆಮೇಲೆ ಹಿಮ್ಮಡಿ. ಹೆಣ್ಣುಮಕ್ಕಳ ಪಾದ ಸಾಮಾನ್ಯವಾಗಿ ಮುಂದಿನ ಅಗಲಕ್ಕೆ ಹೋಲಿಸಿದರೆ ಹಿಂದೆ ಕಿರಿದು. ಹುಡುಗರ ಅಚ್ಚಿನಲ್ಲಿ ಮಾಡಿದ ಬೂಟು ಮುಂದೆ ಸರಿಹೋದರೂ ಹಿಂದೆ ಲೊಡಬಡ ಅನ್ನುತ್ತೆ. ಲೇಸ್ ಪೂರ್ತಿ ಬಿಗಿದು, ಅಂಗಡಿಯಲ್ಲೇ ತುದಿಗಾಲಲ್ಲಿ ನಾಲ್ಕು ಸಲ ಎದ್ದು ಇಳಿಯೋಕೆ ಹೇಳಿ, ನಾಲ್ಕು ಹೆಜ್ಜೆ ಓಡಿಸಿ. ಹಿಮ್ಮಡಿ ಬೂಟು ಬಿಟ್ಟು ಮೇಲೆ ಬಂದರೆ ಬೇರೆ ಮಾಡೆಲ್ ನೋಡಿ, ಸೈಜ್ ಇಳಿಸಬೇಡಿ. ಸ್ವಲ್ಪವೇ ಎದ್ದರೆ ಲೇಸನ್ನು ಕೊನೆಯ ತೂತಿನವರೆಗೂ ಏರಿಸಿ ಕಟ್ಟಿದರೆ ಸಾಕಾಗಬಹುದು.

ಇದು ನಮ್ಮೂರಿನ ಸಮಸ್ಯೆ ಮಾತ್ರ ಅಲ್ಲ. 2023ರಲ್ಲಿ ಯುರೋಪಿಯನ್ ಕ್ಲಬ್ ಅಸೋಸಿಯೇಷನ್‌ನ ಸಮೀಕ್ಷೆಯಲ್ಲಿ ಅಲ್ಲಿನ ದೊಡ್ಡ ಕ್ಲಬ್‌ಗಳ ಆಟಗಾರ್ತಿಯರಲ್ಲೇ ನೂರಕ್ಕೆ 82 ಜನ ಬೂಟಿನಿಂದ ತೊಂದರೆ ಆಗ್ತಿದೆ ಅಂದಿದ್ದರು. ಐಡಾ ಸ್ಪೋರ್ಟ್ಸ್ ಅನ್ನೋ ಕಂಪನಿ ಹೆಂಗಸರ ಪಾದಕ್ಕೆಂದೇ ಬೂಟು ಮಾಡುತ್ತೆ. ನೈಕಿ ಕೂಡ 2023ರ ಮಹಿಳಾ ವಿಶ್ವಕಪ್‌ಗೆ ಮುಂಚೆ ಫ್ಯಾಂಟಮ್ ಲೂನಾ ಅಂತ ಒಂದನ್ನು ತಂದಿತು. ಇವು ದುಬಾರಿ, ಹನ್ನೆರಡರ ಹುಡುಗಿಗೆ ಬೇಕಾಗಿಯೂ ಇಲ್ಲ. ನಿವಿಯಾ, ವೆಕ್ಟರ್ ಎಕ್ಸ್, ಡೆಕಾಥ್ಲಾನ್‌ನ ಕಿಪ್‌ಸ್ಟಾ, ಇವುಗಳಲ್ಲಿ ಎರಡು ಮೂರು ಹಾಕಿ ನೋಡಿದರೆ ಒಂದು ಕೂರುತ್ತೆ. ಆನ್‌ಲೈನ್‌ನಲ್ಲಿ ತರಿಸೋದಾದರೆ ನಂಬರ್ ಯುಕೆದೋ ಅಮೆರಿಕದ್ದೋ ನೋಡಿಕೊಳ್ಳಿ. ಅಮೆರಿಕದ ಅಳತೆಯಲ್ಲಿ ಗಂಡಸರ 6 ಅಂದರೆ ಹೆಂಗಸರ ಏಳೂವರೆ.

ಬೂಟಿಗಿಂತ ಮೊದಲು ನೆಲ ನೋಡಬೇಕು ಅಂತಲೂ ನಾನು ಹೇಳ್ತೀನಿ. ಅವಳು ಯಾವ ಮೈದಾನದಲ್ಲಿ ಆಡ್ತಾಳೆ? ಜುಲೈನಲ್ಲಿ ಕೆಸರಾಗಿರುವ ನಮ್ಮ ಕಡೆಯ ಕೆಂಪು ನೆಲ ಫೆಬ್ರವರಿ ಹೊತ್ತಿಗೆ ಸುಟ್ಟ ಇಟ್ಟಿಗೆ ಆಗಿರುತ್ತೆ. ಎಫ್‌ಜಿ ಅಂತ ಬರೆದಿರುವ ಬೂಟು ಹುಲ್ಲಿನ ನೆಲಕ್ಕೆ ಮಾಡಿದ್ದು. ಗಟ್ಟಿ ಮಣ್ಣಿನಲ್ಲಿ ಅದರ ಅಡಿಯ ಗುಬ್ಬಿ, ಅಂದರೆ ಸ್ಟಡ್, ಇಳಿಯೋದೇ ಇಲ್ಲ, ಅಂಗಾಲಿಗೇ ಒತ್ತುತ್ತೆ. ವರ್ಷದಲ್ಲಿ ಹೆಚ್ಚು ದಿನ ಗಟ್ಟಿ ನೆಲದಲ್ಲೇ ಆಡೋದಾದರೆ ಟಿಎಫ್ ತಗೊಳ್ಳಿ, ಅಡಿಯಲ್ಲಿ ಸಣ್ಣ ಸಣ್ಣ ರಬ್ಬರ್ ಗುಬ್ಬಿ ತುಂಬಿರುತ್ತೆ. ಬಾಡಿಗೆ ಟರ್ಫ್‌ನಲ್ಲಿ, ಅಂದರೆ ಪ್ಲಾಸ್ಟಿಕ್ ಹುಲ್ಲಿನ ಮೈದಾನದಲ್ಲಿ, ಆಡಿದರೂ ಅದೇ ಆಗುತ್ತೆ. ಎಫ್‌ಜಿ ಹಾಕಿ ಟರ್ಫ್‌ಗೆ ಕಳಿಸಬೇಡಿ. ಸ್ಟಡ್ ಆ ಪ್ಲಾಸ್ಟಿಕ್ ಹುಲ್ಲಿಗೆ ಕಚ್ಚಿಕೊಂಡು ದೇಹ ತಿರುಗಿದರೂ ಪಾದ ತಿರುಗದೆ ಮಂಡಿಗೆ ಪೆಟ್ಟು ಬೀಳಬಹುದು. ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಎಸಿಎಲ್ ಅನ್ನೋ ನಾರು ಹರಿಯುವುದು ಹುಡುಗರಿಗಿಂತ ಹುಡುಗಿಯರಲ್ಲಿ ಹೆಚ್ಚು, ಅದೂ ಮೈನೆರೆಯುವ ವಯಸ್ಸಿನ ನಂತರ. ಕಾರಣಗಳು ಬೇರೆಯೂ ಇವೆ, ಆದರೆ ಬೂಟು ನಮ್ಮ ಕೈಯಲ್ಲಿರುವುದು. ಎಫ್‌ಜಿಯೇ ಬೇಕಾದರೆ ಚಪ್ಪಟೆ ಅಲಗಿನ ಸ್ಟಡ್ ಬಿಟ್ಟು ಗುಂಡನೆಯದನ್ನು ಆರಿಸಿ.

ಒಂದು ವೇಳೆ ಆಟ ಆದಮೇಲೆ ಹಿಮ್ಮಡಿ ನೋವು ಅಂತ ತುದಿಗಾಲಲ್ಲಿ ನಡೆದರೆ ಸೋಮಾರಿತನ ಅಂತ ಬಯ್ಯಬೇಡಿ. ಈ ವಯಸ್ಸಿನಲ್ಲಿ ಹಿಮ್ಮಡಿ ಮೂಳೆಯ ಬೆಳೆಯುವ ಭಾಗಕ್ಕೆ ಎಳೆತ ಬಿದ್ದು ಹಾಗಾಗುತ್ತೆ, ತೆಳು ಅಡಿಯ ಸ್ಟಡ್ಸ್ ಅದನ್ನು ಜಾಸ್ತಿ ಮಾಡುತ್ತೆ. ಆಟ ಕಡಿಮೆ ಮಾಡಿಸಿ, ಮೂಳೆ ಡಾಕ್ಟರಿಗೆ ತೋರಿಸಿ.

ತಂದಮೇಲೆ ಎರಡು ದಿನ ಮನೆಯೊಳಗೇ ಜಮಖಾನದ ಮೇಲೆ ಅರ್ಧ ಗಂಟೆ ಹಾಕಿಸಿ, ಬಿಲ್ ಇಟ್ಟುಕೊಳ್ಳಿ. ಅಡಿಗೆ ಮಣ್ಣು ಹತ್ತಿದ ಮೇಲೆ ಅಂಗಡಿಯವರು ಬದಲಾಯಿಸಿ ಕೊಡಲ್ಲ. ಮೂರು ತಿಂಗಳಿಗೊಮ್ಮೆ ಮತ್ತೆ ಅದೇ ಗೋಡೆ, ಅದೇ ಪೇಪರ್.