ಹಳೆ ಬ್ಲೇಡ್ ಮತ್ತೆ ಹರಿತ ಮಾಡಬಹುದಾ?

ಅಜ್ಜನ ಸೇಫ್ಟಿ ರೇಜರ್ ಜೊತೆ ಒಂದು ಡಬ್ಬಿ ಹಳೆ ಬ್ಲೇಡೂ ಸಿಕ್ಕಿದೆ, ಅವನ್ನು ಹರಿತ ಮಾಡಿ ಬಳಸಬಹುದಾ, ಮಳೆಗಾಲದಲ್ಲಿ ತುಕ್ಕು ಹಿಡಿಯದ ಹಾಗೆ ಹೇಗೆ ಇಡುವುದು ಅಂತ ಕೇಳಿದ್ದೀರಿ. ನಾನು ಮಂಗಳೂರಿನವನು, ದಿನಾ ಇಂಥದ್ದೇ ರೇಜರಿನಲ್ಲಿ ಶೇವ್ ಮಾಡುವವನು. ಹರಿತ ಮಾಡಬಹುದು, ಆದರೆ ಯಾವ ಬ್ಲೇಡ್ ಅನ್ನುವುದು ಮುಖ್ಯ.

ಮೊದಮೊದಲು ಈ ಬ್ಲೇಡುಗಳೆಲ್ಲ ಕಾರ್ಬನ್ ಸ್ಟೀಲಿನವು. ಸ್ಟೇನ್‌ಲೆಸ್ ಬ್ಲೇಡುಗಳು ಎಲ್ಲೆಡೆ ಬಂದದ್ದು 1960ರ ದಶಕದಲ್ಲಿ. ನಿಮ್ಮದು ಯಾವುದು ಅಂತ ನೋಡಲು ಅಯಸ್ಕಾಂತ ಹಿಡಿದು ಪ್ರಯೋಜನ ಇಲ್ಲ, ಎರಡಕ್ಕೂ ಅಂಟುತ್ತದೆ. ರಾತ್ರಿ ಒಂದು ಬ್ಲೇಡಿನ ತುದಿಗೆ ಒಂದು ಹನಿ ನೀರು ಬಿಡಿ. ಬೆಳಿಗ್ಗೆ ಕೆಂಪು ಕಲೆ ಎದ್ದಿದ್ದರೆ ಬಹುಶಃ ಕಾರ್ಬನ್ ಸ್ಟೀಲ್.

ಕಾರ್ಬನ್ ಸ್ಟೀಲಿಗೆ ಹಳಬರ ಗಾಜಿನ ಲೋಟದ ಉಪಾಯ ನಡೆಯುತ್ತದೆ. ನುಣುಪಾದ ಲೋಟದ ಒಳಗೋಡೆಗೆ ಬ್ಲೇಡನ್ನು ಉದ್ದುದ್ದ ನಿಲ್ಲಿಸಿ, ಸ್ವಲ್ಪ ಒದ್ದೆ ಮಾಡಿ, ನಡುವೆ ಬೆರಳಿನಿಂದ ಮೆಲ್ಲಗೆ ಒತ್ತಿ. ಬ್ಲೇಡ್ ಬಾಗಿ ಎರಡೂ ಅಲಗು ಗಾಜಿಗೆ ತಾಗುತ್ತದೆ. ಆಗ ಆಚೀಚೆ ಓಡಿಸಿ, ಮಗುಚಿ ಇನ್ನೊಂದು ಬದಿಯನ್ನೂ ಹಾಗೇ ಮಾಡಿ. ಬೆರಳು ಅಲಗಿನ ಹತ್ತಿರ ಹೋಗದಿರಲಿ. ಹೀಗೆ ಮಾಡಿದರೆ ಮಡಚಿದ ಅಂಚು ನೆಟ್ಟಗಾಗಿ ಇನ್ನೊಂದೆರಡು ಶೇವ್ ಆಗುತ್ತದೆ. ತುಕ್ಕು ತಿಂದು ಗುಳಿ ಬಿದ್ದ ಅಲಗಿಗೆ ಇದರಿಂದ ಏನೂ ಆಗುವುದಿಲ್ಲ, ಅಂಥದ್ದನ್ನು ಮುಖಕ್ಕೆ ಮುಟ್ಟಿಸಲೇಬೇಡಿ.

ಈಗಿನ ಸ್ಟೇನ್‌ಲೆಸ್ ಬ್ಲೇಡಿನ ಕಥೆ ಬೇರೆ. ಅದರ ಅಲಗಿನ ಮೇಲೆ ಟೆಫ್ಲಾನ್‌ನಂಥ ತೆಳು ಲೇಪ ಇರುತ್ತದೆ, ಚರ್ಮದ ಮೇಲೆ ಜಾರುವುದು ಅದರಿಂದಲೇ. ಲೋಟಕ್ಕೆ ಉಜ್ಜಿದರೆ ಮೊದಲು ಹೋಗುವುದೇ ಆ ಲೇಪ. ಆಮೇಲೆ ಹರಿತ ಇದ್ದರೂ ಎಳೆಯುತ್ತದೆ, ಉರಿಯುತ್ತದೆ. ಹೊಸ ಬ್ಲೇಡಿಗೆ ಕೆಲವೇ ರೂಪಾಯಿ ಅಲ್ವಾ, ಅದಕ್ಕೋಸ್ಕರ ಮುಖ ಗೀರಿಸಿಕೊಳ್ಳಬಾರದು.

ಅಷ್ಟಕ್ಕೂ ಸ್ಟೀಲು ಕೂದಲಿಗಿಂತ ಸುಮಾರು 50 ಪಟ್ಟು ಗಟ್ಟಿ. ಮತ್ತೆ ಮೊಂಡಾಗುವುದು ಯಾಕೆ? 2020ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದರು. ಕತ್ತರಿಸುವಾಗ ಕೂದಲು ಬಾಗಿ ಅಲಗನ್ನು ಪಕ್ಕಕ್ಕೆ ಒತ್ತುತ್ತದೆ, ಆಗ ಅಂಚಿನಿಂದ ಸಣ್ಣ ಚೂರು ಕಿತ್ತು ಬರುತ್ತದೆ. ಆ ಚೂರು ಹೋದ ಜಾಗವನ್ನು ಲೋಟ ತುಂಬಿಸಿ ಕೊಡುವುದಿಲ್ಲ.

ನಮ್ಮೂರಲ್ಲಿ ಬ್ಲೇಡ್ ಹಾಳಾಗುವುದಕ್ಕೆ ಇನ್ನೊಂದು ದೊಡ್ಡ ಕಾರಣ ತೇವ. ಕಡಲ ಕಡೆಯ ಉಪ್ಪು ಗಾಳಿ, ಆಟಿ ತಿಂಗಳ ಮಳೆ, ಒಣಗದ ಬಚ್ಚಲು. ಸ್ಟೇನ್‌ಲೆಸ್ಸಿಗೂ ಚುಕ್ಕಿ ಚುಕ್ಕಿ ತುಕ್ಕು ಬರುತ್ತದೆ. ಅದಕ್ಕೆ ಶೇವ್ ಆದಮೇಲೆ ರೇಜರ್ ಸಡಿಲಿಸಿ, ನೊರೆ, ಕೂದಲು ಹೋಗುವ ಹಾಗೆ ತೊಳೆದು, ನೀರು ಕೊಡವಿ. ಅಲಗನ್ನು ಟವೆಲ್ಲಿನಿಂದ ಒರೆಸಬೇಡಿ. ಔಷಧಿ ಅಂಗಡಿಯ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಸ್ವಲ್ಪ ಅದ್ದಿ ತೆಗೆದರೆ ನೀರೆಲ್ಲ ಬಿಟ್ಟು ಬೇಗ ಒಣಗುತ್ತದೆ. ಬಚ್ಚಲಲ್ಲಿ ಇಡದೆ ಕೋಣೆಯ ಕಪಾಟಿನಲ್ಲಿ ಇಡಿ. ಕಾರ್ಬನ್ ಬ್ಲೇಡಾದರೆ ಒಣಗಿದ ಮೇಲೆ ಒಂದು ಹನಿ ತೆಂಗಿನೆಣ್ಣೆ ಸವರಿ. ನಾನು ಸ್ಪಿರಿಟ್ ಅದ್ದುವುದನ್ನು ಒಂದು ದಿನವೂ ಬಿಡುವುದಿಲ್ಲ.

ರೇಜರಿಗೆ ಹಳೆ ಟೂತ್‌ಬ್ರಷ್, ಸೋಪು ಸಾಕು. ಬೂದಿ ಹಾಕಿ ತಿಕ್ಕಿದರೆ ಮೇಲಿನ ನಿಕ್ಕೆಲ್ ಲೇಪ ಸವೆಯುತ್ತದೆ. ಮುಗಿದ ಬ್ಲೇಡುಗಳನ್ನು ಮುಚ್ಚಳಕ್ಕೆ ಸೀಳು ಮಾಡಿದ ತಗಡಿನ ಡಬ್ಬಿಯಲ್ಲಿ ಹಾಕುತ್ತಾ ಹೋಗಿ. ತುಂಬಿದ ಮೇಲೆ ಸೀಳಿಗೆ ಟೇಪ್ ಸುತ್ತಿ, ಒಳಗೆ ಬ್ಲೇಡ್ ಇದೆ ಅಂತ ಬರೆದು, ಕಸ ತೆಗೆದುಕೊಳ್ಳಲು ಬರುವವರ ಕೈಗೆ ಹೇಳಿಯೇ ಕೊಡಿ.